ನಾಲ್ಕನೇ ವರ್ಷದ ಎಂಟರ್‌ಪ್ರೈಸ್ ಬರೆಯಹೊರಟವನಿಗೆ

ಪ್ರಿಯ ಕಿರಿಯ ಗೆಳೆಯ,

ನಿನ್ನ ಯೋಜನೆ, ಅದರ ಜೊತೆಗಿದ್ದ ಮೊದಲ ಅಧ್ಯಾಯ ಎರಡನ್ನೂ ಓದಿದೆ. ಎಂಟರ್‌ಪ್ರೈಸ್ ಎಂಬ ಅಂತರಿಕ್ಷ ಹಡಗಿನ ಕಥೆ ಹೇಳುವ ಅಮೆರಿಕದ ಟಿವಿ ಸರಣಿ 'ಸ್ಟಾರ್ ಟ್ರೆಕ್', ಅದರ ಮೂಲ ಸರಣಿ ನಿಂತಲ್ಲಿಂದ ಮುಂದಕ್ಕೆ, ಕನ್ನಡದಲ್ಲಿ, ಇಪ್ಪತ್ತೈದು ಅಧ್ಯಾಯ. ಜಾಗವನ್ನೇನೋ ಸರಿಯಾಗಿಯೇ ಆರಿಸಿದ್ದೀಯ. ಐದು ವರ್ಷದ ಯಾನ ಎಂದು ಪ್ರತಿ ಕಂತಿನ ಆರಂಭದಲ್ಲೂ ಸಾರುತ್ತಿದ್ದ ಸರಣಿ 1966ರ ಸೆಪ್ಟೆಂಬರ್ 8ಕ್ಕೆ ಶುರುವಾಗಿ 1969ರ ಜೂನ್ 3ಕ್ಕೆ ನಿಂತುಹೋಯಿತು: ಮೂರು ಸೀಸನ್, 79 ಕಂತು. 1973–74ರ ಆನಿಮೇಟೆಡ್ ಸರಣಿ ಇನ್ನೂ 22 ಕಂತು ಸೇರಿಸಿತು. 1979ರ ಮೊದಲ ಸಿನಿಮಾದ ಹೊತ್ತಿಗೆ ಯಾನ ಮುಗಿದು ಹಡಗಿನ ಕ್ಯಾಪ್ಟನ್ ಕಿರ್ಕ್ ಅಡ್ಮಿರಲ್ ಆಗಿಬಿಟ್ಟಿದ್ದಾನೆ. ನಡುವೆ ಉಳಿದ ಆ ಖಾಲಿ ಕಾಲದಲ್ಲಿ ಅಭಿಮಾನಿಗಳು ಅರ್ಧ ಶತಮಾನದಿಂದ ಬೀಡುಬಿಟ್ಟಿದ್ದಾರೆ. ನಿನಗೂ ಜಾಗವಿದೆ.

ತಕರಾರು ಇರುವುದು ಬೇರೆ ಕಡೆ. ನಿನ್ನ ಇಪ್ಪತ್ತೈದು ಸಾರಾಂಶಗಳಲ್ಲಿ ಹೆಚ್ಚಿನವು ಒಂದು ಹೊಸ ಗ್ರಹದ ಹೆಸರಿನಿಂದ ಶುರುವಾಗುತ್ತವೆ. ವಾರಕ್ಕೊಂದು ಗ್ರಹ ಹುಡುಕುವುದು ಟಿವಿಯವರ ಪಾಡು, ನಿನ್ನದಲ್ಲ. ಅವರಿಗೆ ಕಂತುಗಳನ್ನು ಯಾವ ಕ್ರಮದಲ್ಲಿ ತೋರಿಸಿದರೂ ನಡೆಯಬೇಕಿತ್ತು. ಕಿರ್ಕ್ ಇರುವ ಮೊದಲ ಪೈಲಟ್ (ಮಾದರಿ) ಕಂತು ಪ್ರಸಾರವಾದದ್ದೇ ಮೂರನೆಯದಾಗಿ. ಹೀಗಾಗಿ ಒಂದು ವಾರ ಆದ ಗಾಯ ಮುಂದಿನ ವಾರಕ್ಕೆ ಮಾಯವಾಗಲೇಬೇಕು. ಮುಂದುವರಿಸಿ ಬರೆಯುವವನಿಗೆ ಆ ಕಟ್ಟುಪಾಡಿಲ್ಲ. ಸರಣಿ ಮರೆತದ್ದನ್ನು ನೆನಪಿಟ್ಟುಕೊಳ್ಳುವವನು ನೀನು. ನಿನ್ನ ಕಥೆ ಹುಟ್ಟಬೇಕಾದದ್ದು ಅಲ್ಲಿಂದ.

ಒಂದು ಉದಾಹರಣೆ ನೋಡು. 1967ರ ಏಪ್ರಿಲ್ 6ರಂದು 'ದ ಸಿಟಿ ಆನ್ ದ ಎಡ್ಜ್ ಆಫ್ ಫಾರೆವರ್' ಪ್ರಸಾರವಾಯಿತು. ಕಿರ್ಕ್ ತಾನು ಪ್ರೀತಿಸಿದ ಈಡಿತ್ ಕೀಲರ್ ಕಣ್ಣೆದುರೇ ಸಾಯುವಾಗ, ಉಳಿಸಹೊರಟ ಹಡಗಿನ ಡಾಕ್ಟರ್ ಮೆಕಾಯ್‌ಯನ್ನು ಹಿಡಿದು ನಿಲ್ಲಿಸುತ್ತಾನೆ. ಏಪ್ರಿಲ್ 13ರಂದು ಬಂದ 'ಆಪರೇಷನ್: ಅನಿಹಿಲೇಟ್!' ಕಂತಿನಲ್ಲಿ ಅವನ ಅಣ್ಣ ಸ್ಯಾಮ್ ಹೆಣವಾಗಿ ಸಿಗುತ್ತಾನೆ, ಅತ್ತಿಗೆಯೂ ಸಾಯುತ್ತಾಳೆ, ಮಗ ಪೀಟರ್ ಒಬ್ಬ ಉಳಿಯುತ್ತಾನೆ. ಒಂದೇ ವಾರದ ಅಂತರದಲ್ಲಿ ಮೂರು ಸಾವು. ಆಮೇಲಿನ ಎರಡು ಸೀಸನ್‌ಗಳಲ್ಲಿ ಆ ಹುಡುಗ ಎಲ್ಲಿ ಬೆಳೆಯುತ್ತಿದ್ದಾನೆ ಎಂದು ಯಾರೂ ಕೇಳುವುದಿಲ್ಲ. ನಾಲ್ಕನೇ ವರ್ಷದಲ್ಲಿ ಪೀಟರ್‌ನಿಂದ ಒಂದು ಸಂದೇಶ ಬಂತು ಅಂತಿಟ್ಟುಕೋ. ಗ್ರಹವೂ ಬೇಡ, ರಾಕ್ಷಸನೂ ಬೇಡ, ಅಧ್ಯಾಯ ಸಿದ್ಧ.

ಇನ್ನು ಕೊನೆಯ ಕಂತು 'ಟರ್ನಬೌಟ್ ಇಂಟ್ರೂಡರ್'. ನೀನು ಅದರ ಮರುದಿನದಿಂದಲೇ ಶುರುಮಾಡಿದ್ದೀಯ, ಆದರೆ ಅದರ ಬಗ್ಗೆ ಒಂದು ಸಾಲೂ ಇಲ್ಲ. ಆ ಕಂತಿನಲ್ಲಿ ಏನೇನಾಗಿದೆ, ಪಟ್ಟಿ ಮಾಡಿನೋಡು. ಹಳೆಯ ಗೆಳತಿ ಜಾನಿಸ್ ಲೆಸ್ಟರ್ ಕಿರ್ಕ್‌ನ ದೇಹ ಹೊಕ್ಕು ಹಡಗು ನಡೆಸಿದ್ದಾಳೆ. ಸ್ಪಾಕ್‌ನ (ಭಾವನೆ ತೋರಿಸದ ಉಪನಾಯಕ) ಮೇಲೆ ದಂಗೆಯ ಆರೋಪ ಹೊರಿಸಿ ವಿಚಾರಣೆ ನಡೆದಿದೆ. ಎಂಜಿನಿಯರ್ ಸ್ಕಾಟಿ, ಮೆಕಾಯ್ ಕಾರಿಡಾರ್‌ನಲ್ಲಿ ನಿಂತು ಕ್ಯಾಪ್ಟನ್‌ನನ್ನು ಇಳಿಸುವ ಮಾತಾಡಿದ್ದಾರೆ, ಆ ಮಾತು ರೆಕಾರ್ಡ್ ಆಗಿದೆ. ಅವರಿಗೂ ಮರಣದಂಡನೆ ಘೋಷಣೆಯಾಗಿದೆ. ಹಡಗು ಓಡಿಸುವ ಸುಲು, ಚೆಕಾಫ್ ನಿಯಂತ್ರಣ ಕೋಣೆಯಾದ ಬ್ರಿಡ್ಜ್‌ನಲ್ಲಿ ಕೈಕಟ್ಟಿ ಕೂತು ಆಜ್ಞೆ ಪಾಲಿಸಲಿಲ್ಲ. ದೇಹ ಅದಲುಬದಲಾಗಿ ಕಂತು ಮುಗಿಯಿತು. ಆದರೆ ರೆಕಾರ್ಡಿಂಗ್? ಮೇಲಿನ ಪಡೆಯಾದ ಸ್ಟಾರ್‌ಫ್ಲೀಟ್‌ಗೆ ಕಿರ್ಕ್ ಯಾವ ವರದಿ ಬರೆಯುತ್ತಾನೆ? ವಿಚಾರಣೆಯಲ್ಲಿ ಸ್ಪಾಕ್‌ನ ಮಾತು ನಂಬದೆ ಸುಮ್ಮನಿದ್ದ ಸಿಬ್ಬಂದಿ ಮರುದಿನ ಅವನ ಮುಖ ಹೇಗೆ ನೋಡುತ್ತಾರೆ? ಹಡಗಿನಲ್ಲಿ 430 ಜನ. ಅದರಲ್ಲಿ ಕೆಲವರಾದರೂ ಕ್ಯಾಪ್ಟನ್ ಕೊಡುವ ಪ್ರತಿ ಆಜ್ಞೆಗೂ ಅರೆಕ್ಷಣ ತಡೆದು, ಇವನು ಅವನೇನಾ ಎಂದು ನೋಡುವುದಿಲ್ಲವೇ? ಲೆಸ್ಟರ್‌ಳ ಹಳೆಯ ದೂರೊಂದು ಬಾಕಿಯಿದೆ: ಸ್ಟಾರ್‌ಶಿಪ್ ಕ್ಯಾಪ್ಟನ್‌ಗಳ ಜಗತ್ತಿನಲ್ಲಿ ಹೆಣ್ಣಿಗೆ ಜಾಗವಿಲ್ಲ ಅನ್ನುವುದು. ಸರಣಿ ಆ ದೂರನ್ನು ಒಬ್ಬ ಹುಚ್ಚಿಯ ಬಾಯಿಗೆ ಹಾಕಿ ಕೈತೊಳೆದುಕೊಂಡಿತು. ಸಂಪರ್ಕ ಅಧಿಕಾರಿ ಉಹುರಾ ಆ ಕಂತಿನಲ್ಲಿ ಇಲ್ಲ. ಈ ಸುದ್ದಿ ಅವಳ ಕಿವಿಗೆ ಬೀಳುವ ದೃಶ್ಯ ಬರೆ. ನಿನ್ನ ಮೊದಲ ಅಧ್ಯಾಯ ಅದೇ ಆಗಬಹುದು.

ಇಂಥದ್ದನ್ನು ಹೆಕ್ಕುವುದಕ್ಕೆ ಕಂತು ನೋಡುವ ರೀತಿಯೇ ಬೇರೆ. ಒಂದು ನೋಟ್‌ಬುಕ್ಕಿನಲ್ಲಿ ಕಂತಿಗೊಂದು ಪುಟ ಬಿಡು. ಕಥೆ ಬರೆದುಕೊಳ್ಳಬೇಡ, ಅದು ಎಲ್ಲ ಕಡೆ ಸಿಗುತ್ತದೆ. ಯಾರು ಏನು ಕಳೆದುಕೊಂಡರು, ಯಾರು ಯಾರಿಗೆ ಮಾತು ಕೊಟ್ಟರು, ಯಾವ ಯಂತ್ರ ಏನು ಮಾಡಲಾರದಾಯಿತು, ಈ ಮೂರನ್ನು ಮಾತ್ರ ಬರೆ. ಎಲ್ಲ 79 ಬೇಡ. ನಿನ್ನ ಅಧ್ಯಾಯಕ್ಕೆ ತಾಕುವ ಏಳೆಂಟು ಕಂತುಗಳನ್ನು ಎರಡೆರಡು ಸಲ ನೋಡಿದರೆ ಸಾಕು. ಯಾವುದನ್ನು ನಿಜವೆಂದು ಒಪ್ಪುತ್ತೀಯ ಅನ್ನುವುದನ್ನೂ ಮೊದಲ ಪುಟದಲ್ಲೇ ಗೊತ್ತುಮಾಡಿಕೋ. ಕಿರ್ಕ್‌ನ ನಡುಹೆಸರು ಟೈಬೀರಿಯಸ್ ಅನ್ನುವುದು ಆನಿಮೇಟೆಡ್ ಸರಣಿಯಿಂದ ಬಂದದ್ದು. ಸುಲುಗೆ ಹಿಕಾರು ಎಂಬ ಹೆಸರು ಮೊದಲು ಒಂದು ಕಾದಂಬರಿಯಲ್ಲಿ ಬಂದು, ತೆರೆಯ ಮೇಲೆ ಕೇಳಿಸಿದ್ದು 1991ರ ಸಿನಿಮಾದಲ್ಲಿ. ಉಹುರಾಳ ನ್ಯೋಟಾ ತೆರೆಯ ಮೇಲೆ ಕೇಳಿಸಿದ್ದು 2009ರ ಸಿನಿಮಾದಲ್ಲಿ. ಮೂಲ ಸರಣಿಯೊಂದನ್ನೇ ಲೆಕ್ಕಕ್ಕೆ ಹಿಡಿದರೆ ಇವು ಮೂರೂ ಇಲ್ಲ. ಯಾವುದನ್ನು ಹಿಡಿದರೂ ಆಕ್ಷೇಪವಿಲ್ಲ, ಮೂರನೇ ಅಧ್ಯಾಯದಲ್ಲಿ ಬದಲಾಯಿಸಬೇಡ ಅಷ್ಟೆ.

ಯಂತ್ರಗಳ ವಿಷಯ. ನಿನ್ನ ಕರಡಿನಲ್ಲಿ ಕಿರ್ಕ್ ಗುಹೆಯಲ್ಲಿ ಸಿಕ್ಕಿಬೀಳುತ್ತಾನೆ, ನಾಲ್ಕು ಪುಟ ಒದ್ದಾಡುತ್ತಾನೆ. ಓದುಗ ಮೊದಲ ಪುಟದಲ್ಲೇ ಕೇಳುವುದು ಒಂದೇ: ಟ್ರಾನ್ಸ್‌ಪೋರ್ಟರ್ ಎಲ್ಲಿ ಹೋಯಿತು? ಜನರನ್ನು ಕ್ಷಣದಲ್ಲಿ ಹಡಗಿಗೂ ನೆಲಕ್ಕೂ ಸಾಗಿಸುವ ಯಂತ್ರ ಅದು; ವಾರವಾರವೂ ಹಡಗನ್ನು ನೆಲಕ್ಕಿಳಿಸಿ ತೋರಿಸುವಷ್ಟು ದುಡ್ಡಿಲ್ಲದ್ದಕ್ಕೆ ನಿರ್ಮಾಪಕರು ಕಂಡುಕೊಂಡ ಉಪಾಯ ಅದು. ಅಂದಿನಿಂದ ಅಲ್ಲಿ ಕಥೆ ಬರೆದವರಿಗೆಲ್ಲ ಅದೇ ಕಾಟ, ಅಪಾಯ ಹುಟ್ಟಿಸಬೇಕಾದರೆ ಮೊದಲು ಅದನ್ನು ಕೆಡಿಸಬೇಕು. 'ದಿ ಎನಿಮಿ ವಿದಿನ್' ಕಂತಿನಲ್ಲಿ ಅದನ್ನು ಕೆಡಿಸಿ ಸುಲುವನ್ನೂ ಸಂಗಡಿಗರನ್ನೂ ಕೊರೆಯುವ ಗ್ರಹದ ಮೇಲೆ ಬಿಟ್ಟರು. ಶಟಲ್ ಎಂಬ ಸಣ್ಣ ನೌಕೆ ಕಳಿಸಬಹುದಿತ್ತಲ್ಲ ಎಂದು ಇವತ್ತಿನ ನೋಡುಗ ಕೇಳುತ್ತಾನೆ. ಆಗಿನ್ನೂ ಶಟಲ್‌ನ ಸೆಟ್ಟೇ ಕಟ್ಟಿರಲಿಲ್ಲ. ಅದು ತೆರೆಗೆ ಬಂದದ್ದು 1966ರ ನವೆಂಬರಿನ 'ದ ಮೆನಾಜರಿ'ಯಲ್ಲಿ. ಅವರಿಗಿದ್ದ ಆ ನೆಪ ನಿನಗಿಲ್ಲ. ಎರಡೂ ದಾರಿ ಮುಚ್ಚು, ಮುಚ್ಚಿದ ಕಾರಣವೇ ಕಥೆಯ ತಿರುಳಾಗಲಿ. 'ಅಯಾನು ಬಿರುಗಾಳಿ' ಅಂದರೆ ಅದು ಹವಾಮಾನ ವರದಿ. ಹಡಗನ್ನು ಕಾಯುವ ಶೀಲ್ಡ್ ಮೇಲಿದ್ದಾಗ ಟ್ರಾನ್ಸ್‌ಪೋರ್ಟರ್ ನಡೆಯದು ಅನ್ನುವುದು ಸರಣಿಯದೇ ನಿಯಮ. ಕಿರ್ಕ್‌ನನ್ನು ಮೇಲೆತ್ತಬೇಕಾದರೆ ಸ್ಕಾಟಿ ಶೀಲ್ಡ್ ಇಳಿಸಬೇಕು, ಇಳಿಸಿದರೆ ಹಡಗಿನಲ್ಲಿರುವವರೆಲ್ಲ ಗುರಿಯಾಗುತ್ತಾರೆ. ಈಗ ಅಡ್ಡಿ ಗುಹೆಯಲ್ಲಿಲ್ಲ, ಸ್ಕಾಟಿಯ ಕುರ್ಚಿಯಲ್ಲಿದೆ.

ದೂರ, ವೇಗಗಳಿಗೂ ಲೆಕ್ಕ ಇಟ್ಟುಕೋ. ಮೂಲ ಸರಣಿಗೆ ಒಪ್ಪಿತವಾದ ಸೂತ್ರ ಸುಲಭ: ಹಡಗಿನ ವೇಗ ಹೇಳುವ ವಾರ್ಪ್ ಸಂಖ್ಯೆಯ ಘನ, ಬೆಳಕಿನ ವೇಗದ ಅಷ್ಟು ಪಟ್ಟು. ವಾರ್ಪ್ 6 ಅಂದರೆ 216 ಪಟ್ಟು, ವಾರ್ಪ್ 8 ಅಂದರೆ 512. ಸ್ಟಾರ್‌ಬೇಸ್ 12 ಬೆಳಕಿನ ವರ್ಷ ದೂರ ಇದ್ದರೆ ವಾರ್ಪ್ 6ರಲ್ಲಿ 20 ದಿನ, 8ರಲ್ಲಿ ಎಂಟೂವರೆ. ರೋಗಿಗೆ ಹತ್ತು ದಿನ ಬಾಕಿಯಿದೆ, ಎಂಜಿನ್ ಅಷ್ಟು ದಿನ ವಾರ್ಪ್ 8 ತಾಳುವುದಿಲ್ಲ ಅಂದರೆ ಮೆಕಾಯ್‌ಗೂ ಸ್ಕಾಟಿಗೂ ಜಗಳ ತಾನಾಗಿ ಹತ್ತುತ್ತದೆ. ಸರಣಿಯೇ ಈ ಸೂತ್ರಕ್ಕೆ ಕಟ್ಟುಬಿದ್ದಿರಲಿಲ್ಲ ಬಿಡು. 'ದಟ್ ವಿಚ್ ಸರ್ವೈವ್ಸ್' ಕಂತಿನಲ್ಲಿ 990.7 ಬೆಳಕಿನ ವರ್ಷವನ್ನು ವಾರ್ಪ್ 8.4ರಲ್ಲಿ ಹನ್ನೊಂದು ಗಂಟೆ ಚಿಲ್ಲರೆಯಲ್ಲಿ ದಾಟುವ ಮಾತು ಬರುತ್ತದೆ. ಸೂತ್ರದ ಪ್ರಕಾರ ಅದಕ್ಕೆ ಸುಮಾರು ಇಪ್ಪತ್ತು ತಿಂಗಳು ಬೇಕು! ಸೂತ್ರ ಬೇಕಾಗಿರುವುದು ಸರಣಿಯನ್ನು ತಿದ್ದುವುದಕ್ಕಲ್ಲ, ನಿನ್ನ ಎರಡನೇ ಅಧ್ಯಾಯ ಹತ್ತನೆಯದರ ಜೊತೆ ಜಗಳವಾಡದಿರಲಿ ಎಂದು.

ಅಳತೆಯ ಬಗ್ಗೆ ನೀನು ಕೇಳಿದ್ದೆ. ಒಂದು ಕಂತು ಅಂದರೆ ಟೀಸರ್ (ಶೀರ್ಷಿಕೆಗೆ ಮುಂಚಿನ ಕಿರುದೃಶ್ಯ) ಮತ್ತು ನಾಲ್ಕು ಅಂಕ. ಗದ್ಯದಲ್ಲಿ 4,000 ಪದ ಹಿಡಿ: ಟೀಸರಿಗೆ 400, ಅಂಕಕ್ಕೆ 900. ಪ್ರತಿ ಅಂಕದ ಕೊನೆಯಲ್ಲಿ ಪಾತ್ರಗಳಿಗೆ ಗೊತ್ತಿದ್ದ ಒಂದು ಸಂಗತಿ ಸುಳ್ಳಾಗಬೇಕು. ಸ್ಫೋಟವಾದರೆ ಸಾಲದು. ಇಪ್ಪತ್ತೈದು ಅಧ್ಯಾಯ ಅಂದರೆ ಒಂದು ಲಕ್ಷ ಪದ, ಗೊತ್ತಿದೆ ತಾನೇ? ಮೊದಲು ಮೂರು ಮುಗಿಸು. ಮೂರೂ ಕೈಯಲ್ಲಿ ಇಲ್ಲದೆ ಒಂದನೆಯದನ್ನು ಹೊರಗೆ ಬಿಡಬೇಡ. ಅರ್ಧಕ್ಕೆ ನಿಂತ ಸರಣಿಯ ಬಗ್ಗೆ ಗೊಣಗುತ್ತ ಬರೆಯಹೊರಟವನು ಇನ್ನೊಂದು ಅರ್ಧ ಸರಣಿ ಬಿಟ್ಟುಹೋಗುವುದು ಈ ಲೋಕದಲ್ಲಿ ತೀರಾ ಮಾಮೂಲು.

ಸ್ಪಾಕ್‌ನ ತಲೆಯೊಳಗೆ ಕೂತು ಬರೆಯಬೇಡ. ಅವನ ಆಕರ್ಷಣೆಯೆಲ್ಲ ಒಳಗೇನಿದೆಯೋ ಎಂದು ನಾವು ಊಹಿಸುವುದರಲ್ಲಿದೆ. 'ಸ್ಪಾಕ್‌ಗೆ ದುಃಖ ಉಕ್ಕಿಬಂತು' ಎಂದು ಬರೆದ ಕೂಡಲೇ ಅವನು ಇನ್ಯಾರೋ ಆಗುತ್ತಾನೆ. ಅವನನ್ನು ಮೆಕಾಯ್ ನೋಡಲಿ, ನರ್ಸ್ ಕ್ರಿಸ್ಟೀನ್ ಚಾಪೆಲ್ ನೋಡಲಿ. ದುಃಖವಾದಾಗ ಅವನು ಮಾಡುವುದು ಇಷ್ಟೇ, ಅಂಕಿಗೆ ಇನ್ನೊಂದು ದಶಮಾಂಶ ಸೇರಿಸುತ್ತಾನೆ. ಸಿದ್ಧ ಸಂಭಾಷಣೆಗಳನ್ನೂ ಕಡಿಮೆಮಾಡು. 'ಬೀಮ್ ಮಿ ಅಪ್, ಸ್ಕಾಟಿ' ಅಂತ ಎರಡು ಕಡೆ ಹಾಕಿದ್ದೀಯ, ಆ ಮಾತನ್ನು ಆ ರೂಪದಲ್ಲಿ ಸರಣಿಯಲ್ಲಿ ಯಾರೂ ಆಡಿಲ್ಲ.

ಕನ್ನಡದಲ್ಲಿ ಬರೆಯುವುದರಿಂದ ನಿನಗೊಂದು ಲಾಭವಿದೆ, ಅದನ್ನು ಕೈಬಿಟ್ಟಿದ್ದೀಯ. ನಿನ್ನ ಕರಡಿನಲ್ಲಿ ಎಲ್ಲರೂ ಎಲ್ಲರಿಗೂ 'ನೀವು'. ಬ್ರಿಡ್ಜ್ ಮೇಲೆ ಸರಿ. ಆದರೆ ಮೆಕಾಯ್ ಕಿರ್ಕ್‌ನನ್ನು 'ಜಿಮ್' ಎಂದು ಕರೆಯುವವನು. ಕ್ಯಾಬಿನ್ನಿನಲ್ಲಿ ಇಬ್ಬರೇ ಇರುವಾಗ 'ನೀನು' ಅನ್ನದಿದ್ದರೆ ಅವರ ಗೆಳೆತನವೇ ಕಾಣುವುದಿಲ್ಲ. ಸ್ಪಾಕ್‌ನ ಜೊತೆ ಜಗಳವಾಡುವಾಗ ಮೆಕಾಯ್ 'ನೀವು' ಬಿಡಬಾರದು, ಅವನ ವ್ಯಂಗ್ಯ ಮೊನಚಾಗುವುದೇ ಆ ಬಹುವಚನದಿಂದ. ಸ್ಪಾಕ್ ಕಿರ್ಕ್‌ಗೆ ಯಾವತ್ತೂ 'ನೀವು'. ಇಪ್ಪತ್ತೈದು ಅಧ್ಯಾಯದಲ್ಲಿ ಒಂದೇ ಒಂದು ಕಡೆ ಅವನ ಬಾಯಿಂದ 'ನೀನು' ಬರಲಿ, ಎಲ್ಲಿ ಅನ್ನುವುದನ್ನು ಈಗಲೇ ಗೊತ್ತುಮಾಡು. ನಿರೂಪಣೆಯಲ್ಲೂ ಹೀಗೆಯೇ: ಕಿರಿಯ ಸಿಬ್ಬಂದಿಯ ಕಣ್ಣಿನಿಂದ ಹೇಳುವ ಅಧ್ಯಾಯದಲ್ಲಿ 'ಕ್ಯಾಪ್ಟನ್ ಬಂದರು', ಮೆಕಾಯ್‌ಯ ಅಧ್ಯಾಯದಲ್ಲಿ 'ಕಿರ್ಕ್ ಬಂದ'. ಫೇಸರ್, ಶೀಲ್ಡ್, ವಾರ್ಪ್ ಹಾಗೆಯೇ ಇರಲಿ. ನಿನ್ನ 'ಕಿರಣಾಯುಧ' ಯಾರ ಬಾಯಲ್ಲೂ ಅವಸರದಲ್ಲಿ ಹೊರಡದು.

ಮೈಸೂರಿನಿಂದ ಬಂದ ನಿನ್ನ ಹೊಸ ಎನ್‌ಸೈನ್ ಹುಡುಗಿಯ ಬಗ್ಗೆ ನಾಲ್ಕು ಮಾತು. ಸ್ಕಾಟಿಗಿಂತ ಮೊದಲು ಎಂಜಿನ್ ರಿಪೇರಿ ಮಾಡುತ್ತಾಳೆ, ಸ್ಪಾಕ್‌ನನ್ನು ಚದುರಂಗದಲ್ಲಿ ಸೋಲಿಸುತ್ತಾಳೆ, ಕಿರ್ಕ್‌ಗೆ ಬುದ್ಧಿ ಹೇಳುತ್ತಾಳೆ. 1973ರಲ್ಲಿ ಪೌಲಾ ಸ್ಮಿತ್ ಒಂದು ಅಭಿಮಾನಿ ಪತ್ರಿಕೆಯಲ್ಲಿ ಇಂಥ ಕಥೆಗಳನ್ನು ಅಣಕಿಸಿ ಹದಿನೈದೂವರೆ ವರ್ಷದ ಲೆಫ್ಟಿನೆಂಟ್ 'ಮೇರಿ ಸೂ' ಎಂಬವಳನ್ನು ಸೃಷ್ಟಿಸಿದಳು. ಆ ಹೆಸರು ಇವತ್ತಿಗೂ ಬೈಗುಳವಾಗಿ ಉಳಿದಿದೆ. ಹುಡುಗಿಯನ್ನು ತೆಗೆಯಬೇಡ. ಒಂದೇ ಒಂದು ಕೆಲಸ ಅವಳಿಗೆ ಚೆನ್ನಾಗಿ ಬರಲಿ, ಅದನ್ನು ಹಡಗಿನವರು ತಡವಾಗಿ ಗಮನಿಸಲಿ, ಅವಳ ಒಂದು ತಪ್ಪಿಗೆ ಬೇರೆಯವರು ಬೆಲೆ ತೆರಲಿ. ಚದುರಂಗ ಬೇಡವೇ ಬೇಡ.

ಪ್ರಕಟಿಸುವಾಗ ಅಭಿಮಾನಿ ಕಥೆಗಳ ಜಾಲತಾಣ 'ಆರ್ಕೈವ್ ಆಫ್ ಅವರ್ ಓನ್'ನಲ್ಲಿ ಹಾಕುವುದಾದರೆ ಟ್ಯಾಗ್ ನೋಡಿಕೊಂಡು ಹಾಕು. 'ಕಿರ್ಕ್/ಸ್ಪಾಕ್' ಅಂದರೆ ಪ್ರಣಯ, 'ಕಿರ್ಕ್ & ಸ್ಪಾಕ್' ಅಂದರೆ ಗೆಳೆತನ. ಅಡ್ಡಗೆರೆ ತಪ್ಪಿಹಾಕಿದರೆ ಬರಬೇಕಾದ ಓದುಗರು ಬರುವುದಿಲ್ಲ, ಬಂದವರು ಬೈಯುತ್ತಾರೆ. ಮುಖ್ಯ ಪಾತ್ರ ಸಾಯುವುದಿದ್ದರೆ ಅದಕ್ಕೆಂದೇ ಇರುವ ಎಚ್ಚರಿಕೆ ಹಾಕು. ದುಡ್ಡು ಕೇಳಬೇಡ, ಪುಸ್ತಕ ಮಾಡಿ ಮಾರಬೇಡ, ಪಾತ್ರಗಳು ನಿನ್ನವಲ್ಲ. ಗೆಳೆಯರ ಜೊತೆ ಸೇರಿ ಇದನ್ನೇ ಕಿರುಚಿತ್ರ ಮಾಡುವ ಆಸೆಯನ್ನೂ ನೀನು ಬರೆದಿದ್ದೆ. ಅಭಿಮಾನಿ ಚಿತ್ರಗಳಿಗೆ ಸರಣಿಯ ಹಕ್ಕುದಾರರಾದ ಸಿಬಿಎಸ್, ಪ್ಯಾರಾಮೌಂಟ್ 2016ರಲ್ಲಿ ಹಾಕಿದ ಮಾರ್ಗಸೂಚಿ ಬೇರೆಯೇ ಇದೆ: ಒಂದು ಕಥೆಗೆ 15 ನಿಮಿಷ, ಎರಡು ಭಾಗ ಮಾಡಿದರೂ ಒಟ್ಟು 30 ದಾಟಬಾರದು, ಸಂಗ್ರಹಿಸುವ ಹಣ 50,000 ಡಾಲರ್ ಮೀರಬಾರದು, ಯಾರಿಗೂ ಸಂಭಾವನೆ ಇಲ್ಲ. ನಿನ್ನ ಇಪ್ಪತ್ತೈದು ಅಧ್ಯಾಯ ಅದರಲ್ಲಿ ಹಿಡಿಸುವುದಿಲ್ಲ, ಉಹುರಾಳ ಆ ಒಂದು ದೃಶ್ಯ ಹಿಡಿಸಬಹುದು.

ಕರಡನ್ನು ಇಬ್ಬರಿಗೆ ಓದಿಸು. ಒಬ್ಬ ಸರಣಿ ಬಲ್ಲವನು, ತಪ್ಪು ಹಿಡಿಯುವುದಕ್ಕೆ. ಇನ್ನೊಬ್ಬರು ಒಂದು ಕಂತನ್ನೂ ನೋಡದವರು, ಅವರು ಎಲ್ಲಿ ಪುಟ ಮಡಿಸಿಟ್ಟರು ಅನ್ನುವುದನ್ನು ಮಾತ್ರ ಕೇಳು. ಆಮೇಲೆ ಗ್ರಹಗಳ ಪಟ್ಟಿ ಪಕ್ಕಕ್ಕಿಟ್ಟು, ಲೆಸ್ಟರ್ ಪ್ರಕರಣದ ಬಗ್ಗೆ ಕಿರ್ಕ್ ಸ್ಟಾರ್‌ಫ್ಲೀಟ್‌ಗೆ ಬರೆಯುವ ವರದಿಯನ್ನು ಒಂದೇ ಪುಟದಲ್ಲಿ ಬರೆದು ಕಳಿಸು. ಸ್ಕಾಟಿಯ ರೆಕಾರ್ಡಿಂಗ್ ವಿಷಯವನ್ನು ಅವನು ಅದರಲ್ಲಿ ಸೇರಿಸುತ್ತಾನೋ ಬಿಡುತ್ತಾನೋ ನೋಡಿಕೊಂಡು ಎರಡನೇ ಅಧ್ಯಾಯದ ಮಾತಾಡೋಣ.

ಪ್ರೀತಿಯಿಂದ,
ನಿನ್ನ ಹಿರಿಯ ಗೆಳೆಯ