ಹೊಳೆಯಲ್ಲಿ ಮೂರು ಡುಬ್ಬ

ಗಂಗಾವತಿ

ಗೆಳೆಯಾ,

ನಿನ್ನ ನೆಸ್ಸಿ, ಲಾಕ್ ನೆಸ್ ಸರೋವರದಲ್ಲಿದೆ ಅನ್ನುವ ಆ ದೈತ್ಯಪ್ರಾಣಿ, ಹೇಗಿದೆ? ಹಾಸ್ಟೆಲ್ ಗೋಡೆಗೆ ಅಂಟಿಸಿದ್ದೆಯಲ್ಲ, ನೀರಿನಿಂದ ಉದ್ದ ಕತ್ತು ಎತ್ತಿದ ಕಪ್ಪು-ಬಿಳುಪು ಚಿತ್ರ, ಅದು ಹೋದ ಭಾನುವಾರ ಆನೆಗೊಂದಿಯ ತುಂಗಭದ್ರೆ ದಂಡೆಯಲ್ಲಿ ಥಟ್ಟನೆ ನೆನಪಾಯ್ತು.

ಹೊತ್ತು ಮುಳುಗುತ್ತಿತ್ತು. ಬಂಡೆ ಮೇಲೆ ಕೂತು ಮಂಡಕ್ಕಿ ಮೇಯುತ್ತಿದ್ದೆ. ನಡುಹೊಳೆಯಲ್ಲಿ ಒಂದು ಡುಬ್ಬ ಎದ್ದಿತು. ಹಿಂದೆಯೇ ಇನ್ನೊಂದು, ಮತ್ತೊಂದು. ಏಳುತ್ತ ಮುಳುಗುತ್ತ ಒಂದೇ ಸಾಲಿನಲ್ಲಿ ಹೊರಟವು. ಸುಳ್ಳೇಕೆ, ಮೈ ಜುಮ್ಮೆಂದಿತು. ಹರಗೋಲು ದಡಕ್ಕೆಳೆಯುತ್ತಿದ್ದ ಮುದುಕ ತಿರುಗಿಯೂ ನೋಡದೆ, "ನೀರ್ನಾಯಿ ಅವ್ರೀ ಅವು, ಬಲೆ ಹರಿದು ಮೀನ ತಿಂತಾವ" ಅಂದ. ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗೆಂದೇ ಮೀಸಲಿಟ್ಟಿದ್ದಾರೆ. ಅಲ್ಲೇ ಕೂತು ನಾನು ಹೆದರಿದ್ದು!

ಆವತ್ತಿನಿಂದ ನೆಸ್ಸಿ ಕಂಡೆ ಅಂದವರನ್ನು ಆಡಿಕೊಳ್ಳಲು ಬಾಯಿ ಬರುತ್ತಿಲ್ಲ. 1933ರಲ್ಲಿ ಲಾಕ್ ನೆಸ್ ದಂಡೆಯಲ್ಲಿ ಹೋಗುತ್ತಿದ್ದ ಆಲ್ಡಿ ಮೆಕೇ ನೀರಲ್ಲಿ ಏನೋ ಹೊರಳಿದ್ದನ್ನು ನೋಡಿದಳು. ಆಕೆ ಸುಳ್ಳು ಹೇಳಿರಲಿಕ್ಕಿಲ್ಲ. ಸ್ಕಾಟ್ಲೆಂಡಿನ ಆ ಸರೋವರ ಸುಮಾರು 230 ಮೀಟರ್ ಆಳ, ಸುತ್ತಲಿನ ಪೀಟ್ ಮಣ್ಣಿನಿಂದ (ಅರೆಕೊಳೆತ ಗಿಡಗಂಟಿಯ ಕಪ್ಪು ಮಣ್ಣು) ನೀರು ಚಹಾದ ಬಣ್ಣ. ದೋಣಿ ಮರೆಯಾದ ಮೇಲೂ ಅದರ ಅಲೆ ಡುಬ್ಬಡುಬ್ಬವಾಗಿ ಬರುತ್ತದೆ. ಕಣ್ಣಿಗೆ ಕಾಣುವುದು ಡುಬ್ಬಗಳಷ್ಟೇ, ಹೊಲಿದು ಒಂದೇ ಮೈ ಮಾಡುವುದು ತಲೆ.

ನನ್ನ ಸಿಟ್ಟೆಲ್ಲ ನೆಸ್ಸಿಯನ್ನು ಹುಡುಕಲು ಹೋದ ಬೇಟೆಗಾರ ವೆದರೆಲ್ ಮೇಲೆ. ಮೊದಲು ಪ್ರಾಣಿಯ ಹೆಜ್ಜೆ ಸಿಕ್ಕಿತು ಅಂದ. ತಜ್ಞರು ನೋಡಿದರೆ, ಒಣಗಿಸಿಟ್ಟ ನೀರಾನೆ ಕಾಲಿನ ಗುರುತು! ಆ ಅವಮಾನಕ್ಕೆ ಸೇಡು ಎಂಬಂತೆ 1934ರಲ್ಲಿ ಅವನೂ ಅವನ ಕಡೆಯವರೂ ಆಟಿಕೆ ಸಬ್‌ಮರೀನಿಗೆ ಕತ್ತು ಕೂರಿಸಿ ತೇಲಿಬಿಟ್ಟರು. ನಿನ್ನ ಗೋಡೆಯ ಚಿತ್ರ ಅದೇ, ಮಾರಾಯ. ಒಬ್ಬ ಡಾಕ್ಟರ ಹೆಸರಲ್ಲಿ ಪತ್ರಿಕೆಗೆ ಹೋಯಿತು. ಡಾಕ್ಟರ ಮಾತು ಯಾರು ಅಲ್ಲಗಳೆದಾರು? ಗುಟ್ಟು ರಟ್ಟಾಗಲು 60 ವರ್ಷ ಬೇಕಾಯಿತು.

ನೆಸ್ಸಿ ಅಂದರೆ ಪ್ಲೀಸಿಯೋಸಾರ್, ಡೈನೋಸಾರ್ ಕಾಲದ ಉದ್ದ ಕತ್ತಿನ ಕಡಲ ಸರೀಸೃಪ, ಅಂತ ವಾದಿಸುತ್ತಿದ್ದೆಯಲ್ಲ, ಅವು ಅಳಿದು 6.6 ಕೋಟಿ ವರ್ಷ. ಆ ಕಣಿವೆಯ ಹಿಮ ಕರಗಿ ಸುಮಾರು 10,000 ವರ್ಷವಷ್ಟೇ. 2018ರಲ್ಲಿ ವಿಜ್ಞಾನಿ ನೀಲ್ ಜೆಮ್ಮೆಲ್ ತಂಡ ಅಲ್ಲಿನ ನೀರಲ್ಲಿ ಡಿಎನ್‌ಎ ಹುಡುಕಿದಾಗ ಸರೀಸೃಪದ ಸುಳಿವೇ ಇಲ್ಲ, ಹಾವುಮೀನಿನದು ಮಾತ್ರ ರಾಶಿ.

ನಮ್ಮಜ್ಜಿಯೂ "ಮಡುವಿಗೆ ಇಳೀಬ್ಯಾಡ, ಅದು ಐತಿ" ಅಂತ ಹೆದರಿಸುತ್ತಿದ್ದಳು. ಇತ್ತು ಕೂಡ, ಮೊಸಳೆ. ಈಗಲೂ ಇವೆ.

ಯುಗಾದಿಗೆ ಬಂದರೆ ಸಂಜೆ ಐದಕ್ಕೇ ಹೋಗಿ ಕೂರೋಣ. ನಿನ್ನ ಬೈನಾಕ್ಯುಲರ್ ತಾ, ನನ್ನದರ ಒಂದು ಗಾಜು ಮಬ್ಬಾಗಿದೆ.

ನಿನ್ನವ