ಹಳೇ ಕಾರಿನ ವಾರಂಟಿ ಕನ್ನಡದಲ್ಲಿರಲಿ, ಒಂದೇ ಹಾಳೆಯಲ್ಲಿರಲಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಸೆಕೆಂಡ್ ಹ್ಯಾಂಡ್ ಕಾರುಗಳ ಜಾಹೀರಾತು ಈಚೆಗೆ ಜಾಸ್ತಿಯಾಗಿವೆ. ‘ಒಂದು ವರ್ಷ ವಾರಂಟಿ’ ಎಂಬ ಮಾತು ಹೆಚ್ಚುಕಮ್ಮಿ ಎಲ್ಲದರಲ್ಲೂ ಇರುತ್ತದೆ. ಆ ಮೂರು ಪದ ನಂಬಿ ನನ್ನ ತಮ್ಮ ಒಂದು ಕಾರು ಕೊಂಡ. ಆಮೇಲೆ ಏನಾಯಿತು, ನಮಗೆ ಏನು ಗೊತ್ತಾಯಿತು ಎಂಬುದು ಬೇರೆಯವರಿಗೂ ತಿಳಿಯಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ.

ತಮ್ಮ ಮದುವೆ, ನಾಮಕರಣಗಳಿಗೆ ಫೋಟೊ ತೆಗೆಯುವವನು. ಕ್ಯಾಮೆರಾ, ಲೈಟು, ಸ್ಟ್ಯಾಂಡು ಎಲ್ಲವನ್ನೂ ಬೈಕಿಗೆ ಕಟ್ಟಿಕೊಂಡು ಓಡಾಡಿ ಅವನಿಗೆ ಸಾಕಾಗಿತ್ತು. ಆಷಾಢ ಕಳೆಯಲಿ ಎಂದು ಕಾದು, ಶ್ರಾವಣದಲ್ಲಿ ಬೆಂಗಳೂರಿನ ಒಂದು ಮಳಿಗೆಯಿಂದ 2017ರ ಡೀಸೆಲ್ ಕಾರು ತಂದ. ಬೆಲೆ 4,35,000 ರೂಪಾಯಿ. ಅದರಲ್ಲಿ ಎರಡೂವರೆ ಲಕ್ಷ ಸಾಲ. ಮೀಟರ್‌ನಲ್ಲಿ 58,000 ಕಿಲೋಮೀಟರ್ ತೋರಿಸುತ್ತಿತ್ತು. ‘ಡಾಕ್ಟರ್ ಒಬ್ಬರು ಓಡಿಸಿದ ಗಾಡಿ, ಸಿಂಗಲ್ ಓನರ್, ಕಣ್ಣು ಮುಚ್ಕೊಂಡು ತಗೊಳ್ಳಿ ಸರ್’ ಅಂದರು. ಎಂಜಿನ್, ಗೇರ್ ಬಾಕ್ಸ್ ಎರಡಕ್ಕೂ ವಾರಂಟಿ ಇದೆ ಅಂದರು. ಹೇಳಿದ್ದೆಲ್ಲ ಬಾಯಿಮಾತಲ್ಲಿ. ಕೈಗೆ ಬಂದದ್ದು ಒಂದು ಡೆಲಿವರಿ ನೋಟ್ ಮತ್ತು ಒಂದು ಪುಸ್ತಿಕೆ.

ಹನ್ನೊಂದನೇ ದಿನ ಕುಣಿಗಲ್‌ನಲ್ಲಿ ಒಂದು ಮದುವೆ ಮುಗಿಸಿ ತುಮಕೂರಿಗೆ ಬರುವಾಗ ಹೆಬ್ಬೂರಿನ ಹತ್ತಿರ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು. ಬಾನೆಟ್ ಸಂದಿನಿಂದ ಹಬೆ ಎದ್ದಿತು. ಸಾಮಾನನ್ನೆಲ್ಲ ಲಗೇಜ್ ಆಟೊದಲ್ಲಿ ಹಾಕಿಕೊಂಡು ಮನೆಗೆ ಬಂದಾಗ ರಾತ್ರಿ ಹನ್ನೊಂದು ಗಂಟೆ. ವಾಟರ್ ಪಂಪ್ ಕೆಟ್ಟು, ಎಂಜಿನ್ ಕಾದು, ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಎರಡು ಭಾಗಗಳ ನಡುವೆ ಸೋರದಂತೆ ಇರುವ ತೆಳು ಪದರ) ಹೋಗಿತ್ತು. ರಿಪೇರಿಗೆ 62,000 ಆಗುತ್ತದೆ ಎಂದು ಮೆಕ್ಯಾನಿಕ್ ಬರೆದುಕೊಟ್ಟರು.

ವಾರಂಟಿ ಇದೆಯಲ್ಲ ಎಂಬ ಧೈರ್ಯದಲ್ಲಿ ಪುಸ್ತಿಕೆ ತೆಗೆದೆವು. ಹದಿನಾರು ಪುಟ, ಪೂರ್ತಿ ಇಂಗ್ಲಿಷ್, ಇರುವೆ ಸಾಲಿನಂಥ ಅಕ್ಷರ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ನಾನೇ ಅದನ್ನು ಎರಡೆರಡು ಸಲ ಓದಬೇಕಾಯಿತು. ಮೂರನೇ ಪುಟದಲ್ಲಿ ಎಂಜಿನ್‌ಗೆ ವಾರಂಟಿ ಇದೆ ಎಂದಿತ್ತು. ಹನ್ನೊಂದನೇ ಪುಟಕ್ಕೆ ಬಂದರೆ ಯಾವುದಕ್ಕೆ ಇಲ್ಲ ಎಂಬ ಪಟ್ಟಿ. ಗ್ಯಾಸ್ಕೆಟ್, ಬೆಲ್ಟ್, ಹೋಸ್ ಪೈಪ್, ವಾಟರ್ ಪಂಪ್, ಕ್ಲಚ್ ಪ್ಲೇಟ್, ಇಂಜೆಕ್ಟರ್ ಯಾವುದಕ್ಕೂ ಇಲ್ಲ. ಎಂಜಿನ್ ಕಾದು ಆದ ಹಾನಿಗೂ ಇಲ್ಲ. ಸವೆತದಿಂದ ಹಾಳಾದದ್ದಕ್ಕೂ ಇಲ್ಲ. ಕೊನೇ ಪುಟದಲ್ಲಿ, ಗಾಡಿಯನ್ನು ಇದ್ದದ್ದು ಇದ್ದ ಹಾಗೇ ಮಾರಿದ್ದೇವೆ, ಕೊಳ್ಳುವವರು ನೋಡಿ ಒಪ್ಪಿದ್ದಾರೆ ಎಂದು ಬರೆದಿತ್ತು. ಅದರ ಕೆಳಗೆ ತಮ್ಮನ ಸಹಿ. ‘ಅಕ್ಕಾ, ಹಾಗಾದ್ರೆ ಎಂಜಿನ್‌ನಲ್ಲಿ ಇನ್ನೇನು ಉಳೀತು?’ ಎಂದು ಅವನು ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಷ್ಟಕ್ಕೇ ಬಿಟ್ಟುಬಿಡುತ್ತಿದ್ದೆವೇನೋ. ಆದರೆ ಮೆಕ್ಯಾನಿಕ್ ನಮ್ಮನ್ನು ಶೆಡ್‌ಗೆ ಕರೆದು ಬ್ರೇಕ್ ಪೆಡಲ್ ತೋರಿಸಿದರು. ರಬ್ಬರಿನ ಬಲ ಅಂಚಿನ ಗೆರೆಗಳೆಲ್ಲ ಅಳಿಸಿ ಹೊಳೆಕಲ್ಲಿನ ಹಾಗೆ ನುಣ್ಣಗಾಗಿತ್ತು. ಸ್ಟೀರಿಂಗ್‌ಗೆ ಹೊಸ ಕವರ್ ಹೊಲಿದಿದ್ದರು. ಬಿಚ್ಚಿ ನೋಡಿದರೆ ಒಳಗೆ ಕೈ ಹಿಡಿಯುವ ಎರಡೂ ಕಡೆ ಸಿಪ್ಪೆ ಎದ್ದಿತ್ತು. ‘ಇದು ಐವತ್ತೆಂಟು ಸಾವಿರ ಓಡಿದ ಗಾಡಿ ಅಲ್ಲ ಮೇಡಂ’ ಅಂದರು. ಮಾರನೇ ದಿನ ಆರ್‌ಸಿ ಹಿಡಿದುಕೊಂಡು ಕಂಪನಿಯ ಸರ್ವಿಸ್ ಸೆಂಟರ್‌ಗೆ ಹೋಗಿ ಹಳೇ ಸರ್ವಿಸ್ ವಿವರ ತೆಗೆಸಿದೆವು. 2022ರ ಫೆಬ್ರವರಿಯಲ್ಲೇ ಆ ಕಾರು 1,12,000 ಕಿಲೋಮೀಟರ್ ಓಡಿತ್ತು.

ಇಲ್ಲಿಂದ ಮುಂದಿನದು ಎಲ್ಲರೂ ತಿಳಿದಿರಬೇಕಾದ ವಿಷಯ. ವಾರಂಟಿ ಬೇರೆ, ನಮ್ಮ ಹಕ್ಕು ಬೇರೆ. ವಾರಂಟಿ ಮಾರುವವನು ಕೊಡುವ ಮಾತು. ಎಷ್ಟು ಕೊಡಬೇಕು ಎಂದು ಅವನೇ ತೀರ್ಮಾನಿಸುತ್ತಾನೆ. ಹಕ್ಕು ಕಾಯ್ದೆಯಿಂದ ಬಂದದ್ದು. ಪುಸ್ತಿಕೆಯಲ್ಲಿ ಗ್ಯಾಸ್ಕೆಟ್‌ಗೆ ವಾರಂಟಿ ಇಲ್ಲ ಎಂದಿದ್ದರೆ ಅದನ್ನು ಒಪ್ಪೋಣ. ಆದರೆ ಮೀಟರ್ ಹಿಂದಕ್ಕೆ ತಿರುಗಿಸಿದ ಗಾಡಿಯನ್ನು ಕಮ್ಮಿ ಓಡಿದೆ ಎಂದು ನಂಬಿಸಿ ಮಾರುವುದು ವಾರಂಟಿಯ ಪ್ರಶ್ನೆಯೇ ಅಲ್ಲ, ಅದು ಮೋಸ. ‘ಇದ್ದ ಹಾಗೇ ಮಾರಿದ್ದೇವೆ’ ಎಂಬ ಸಾಲು ಆ ಮೋಸವನ್ನು ಮುಚ್ಚಲಾರದು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ವಸ್ತುವಿನ ಗುಣಮಟ್ಟದ ಬಗ್ಗೆ ಸುಳ್ಳು ಹೇಳುವುದನ್ನು ಅದು ಅನುಚಿತ ವ್ಯಾಪಾರ ಎಂದು ಕರೆಯುತ್ತದೆ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ದೋಷವಿರುವ ಸರಕನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ ವಾಪಸ್ ತಗೊಂಡು ಹಣ ಕೊಡದಿರುವುದೂ ಇದೆ. ಇನ್ನೊಂದು ಹಳೇ ಕಾಯ್ದೆ, 1930ರ ಸರಕು ಮಾರಾಟ ಕಾಯ್ದೆ. ಕೊಳ್ಳುವವರು ನೋಡಿ ಒಪ್ಪಿದ್ದಾರೆ ಎಂದು ವ್ಯಾಪಾರಿಗಳು ಹೇಳುತ್ತಾರಲ್ವಾ, ಅದಕ್ಕೂ ಅಲ್ಲಿ ಮಿತಿ ಇದೆ. ನೋಡಿದಾಗ ಕಣ್ಣಿಗೆ ಬೀಳಬೇಕಾಗಿದ್ದ ದೋಷಕ್ಕೆ ಮಾತ್ರ ಆ ಮಾತು. ಬಾಗಿಲಿನ ಗೀರು ನಮಗೆ ಕಾಣಬೇಕಿತ್ತು, ಸರಿ. ಮೀಟರ್ ಒಳಗಿನ ಲೆಕ್ಕ ಯಾರ ಕಣ್ಣಿಗೆ ಕಾಣುತ್ತದೆ?

ನಾವು ನೋಟಿಸ್ ಕೊಟ್ಟಾಗ ಮಳಿಗೆಯವರು ಕೊಟ್ಟ ಉತ್ತರ ಹೀಗಿತ್ತು: ನೀವು ಕಾರನ್ನು ವ್ಯಾಪಾರಕ್ಕೆ ಬಳಸುತ್ತೀರಿ, ಆದ್ದರಿಂದ ನೀವು ಗ್ರಾಹಕರೇ ಅಲ್ಲ. ತಮ್ಮ ಇದನ್ನು ಓದಿ ಎದೆಗುಂದಿಬಿಟ್ಟ. ಆದರೆ ಒಬ್ಬನೇ ದುಡಿದು ಹೊಟ್ಟೆ ಹೊರೆಯಲು ಕೊಂಡ ವಸ್ತುವನ್ನು ವಾಣಿಜ್ಯ ಉದ್ದೇಶದ್ದು ಎಂದು ಲೆಕ್ಕ ಹಾಕುವಂತಿಲ್ಲ ಎಂದು ಅದೇ ಕಾಯ್ದೆ ಬಿಡಿಸಿ ಹೇಳಿದೆ. ಸ್ವಂತ ದುಡಿಮೆಯ ಪ್ಲಂಬರ್, ಟೈಲರ್, ಕ್ಯಾಬ್ ಓಡಿಸುವವರು ಇದನ್ನು ನೆನಪಿಟ್ಟುಕೊಳ್ಳಿ.

ದೂರು ಕೊಡಲು ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ನಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ವಕೀಲರು ಇರಲೇಬೇಕು ಎಂದೂ ಇಲ್ಲ, ನಾವು ಹಿಡಿದೆವು ಅಷ್ಟೆ. ಮೊದಲು ಕೇಳಿ ತಿಳಿಯಬೇಕೆಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಬಿಚ್ಚಿದ ಭಾಗಗಳನ್ನು ಮಾತ್ರ ಗುಜರಿಗೆ ಹಾಕಬೇಡಿ, ಪರೀಕ್ಷೆಗೆ ಬೇಕಾಗಬಹುದು. ನಮ್ಮ ಪ್ರಕರಣ ಈಗ ಆಯೋಗದ ಮುಂದಿದೆ. ಹಾಗಾಗಿ ಮಳಿಗೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಮಳಿಗೆ ಬೇಡ, ನೇರ ಮಾಲೀಕರಿಂದಲೇ ತಗೊಳ್ತೀವಿ ಎನ್ನುವವರಿಗೆ ಒಂದು ಮಾತು. ಅವರು ವ್ಯಾಪಾರಿಗಳಲ್ಲವಾದ್ದರಿಂದ ಸಾಮಾನ್ಯವಾಗಿ ಗ್ರಾಹಕ ಆಯೋಗದ ದಾರಿ ಸಿಗುವುದಿಲ್ಲ, ಸಿವಿಲ್ ಕೋರ್ಟಿಗೆ ಹೋಗಬೇಕು. ಬೆಲೆ ಸ್ವಲ್ಪ ಕಮ್ಮಿ ಸಿಗಬಹುದು, ಆದರೆ ಕಿಲೋಮೀಟರ್ ಎಷ್ಟು, ಆಕ್ಸಿಡೆಂಟ್ ಆಗಿದೆಯಾ ಎಂಬುದನ್ನು ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಿ. ಸರ್ವಿಸ್ ವಿವರವನ್ನು ಅಡ್ವಾನ್ಸ್ ಕೊಡುವ ಮೊದಲೇ ಕೇಳಿ. ನಾವು ಅದನ್ನು ಆಮೇಲೆ ಕೇಳಿ ಕೆಟ್ಟೆವು.

ಸರ್ಕಾರ ಏನೂ ಮಾಡಿಲ್ಲ ಎನ್ನುವುದಿಲ್ಲ. 2023ರ ಏಪ್ರಿಲ್‌ನಿಂದ ಹಳೇ ವಾಹನ ಮಾರುವ ಡೀಲರ್‌ಗಳು ಆರ್‌ಟಿಒ ಇಂದ ಅಧಿಕಾರ ಪತ್ರ ಪಡೆಯಬೇಕು ಎಂಬ ಕೇಂದ್ರದ ನಿಯಮ ಬಂದಿದೆ. ಮಾಲೀಕರು ಗಾಡಿಯನ್ನು ಡೀಲರ್‌ಗೆ ಒಪ್ಪಿಸಿ ಆನ್‌ಲೈನ್‌ನಲ್ಲಿ ತಿಳಿಸಿದ ಮೇಲೆ ಅದರ ಹೊಣೆ ಡೀಲರ್‌ನದು. ಒಳ್ಳೆಯ ನಿಯಮ. ಮಳಿಗೆಗೆ ಹೋದಾಗ ಆ ಪತ್ರ ತೋರಿಸಿ ಎಂದು ಧೈರ್ಯವಾಗಿ ಕೇಳಿ. ಆದರೆ ಆ ನಿಯಮದ ಗಮನವೆಲ್ಲ ಗಾಡಿ ಯಾರ ಹೆಸರಲ್ಲಿದೆ, ಹೊಣೆ ಯಾರದು ಎಂಬುದರ ಮೇಲೆ. ಗಾಡಿ ಹೇಗಿದೆ ಎಂದು ಕೊಳ್ಳುವವರಿಗೆ ತಿಳಿಯುವುದು ಹೇಗೆ?

ಅಮೆರಿಕದಲ್ಲಿರುವ ನನ್ನ ಹಳೇ ವಿದ್ಯಾರ್ಥಿನಿ ಅಲ್ಲಿ ಹಳೇ ಕಾರು ಕೊಂಡಾಗ ಕಿಟಕಿಗೆ ಅಂಟಿಸಿದ್ದ ಒಂದು ಹಾಳೆಯ ಫೋಟೊ ಕಳಿಸಿದ್ದಳು. ವಾರಂಟಿ ಇದೆಯೋ ಇಲ್ಲವೋ, ಇದ್ದರೆ ಯಾವ ಭಾಗಕ್ಕೆ, ರಿಪೇರಿ ಖರ್ಚಿನಲ್ಲಿ ಡೀಲರ್ ಎಷ್ಟು ಕೊಡುತ್ತಾನೆ ಎಲ್ಲವೂ ಆ ಒಂದೇ ಹಾಳೆಯಲ್ಲಿ. 1985ರಿಂದ ಅಲ್ಲಿ ಡೀಲರ್‌ಗಳು ಇದನ್ನು ಅಂಟಿಸಬೇಕು. ವ್ಯಾಪಾರದ ಮಾತುಕತೆ ಸ್ಪ್ಯಾನಿಷ್‌ನಲ್ಲಿ ನಡೆದರೆ ಹಾಳೆಯೂ ಸ್ಪ್ಯಾನಿಷ್‌ನಲ್ಲೇ ಇರಬೇಕು. ಇದನ್ನು ಓದಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ನಮ್ಮ ತಮ್ಮನ ಹತ್ತಿರ ಅವರು ಆಡಿದ ಪ್ರತಿಯೊಂದು ಮಾತೂ ಕನ್ನಡದಲ್ಲಿತ್ತು. ಸಹಿ ಹಾಕಿಸಿಕೊಂಡ ಕಾಗದ ಮಾತ್ರ ಇಂಗ್ಲಿಷ್.

ರಾಜ್ಯದ ಸಾರಿಗೆ ಇಲಾಖೆಯವರು ಮತ್ತು ಗ್ರಾಹಕ ವ್ಯವಹಾರಗಳ ಇಲಾಖೆಯವರು ಸೇರಿ ಇಂಥ ಒಂದು ಹಾಳೆ ಮಾಡಿಸಲಿ. ಕೊನೇ ಸರ್ವಿಸ್‌ನಲ್ಲಿ ಎಷ್ಟು ಕಿಲೋಮೀಟರ್, ಇನ್ಶೂರೆನ್ಸ್ ಕ್ಲೇಮ್ ಆಗಿದೆಯೇ, ನೀರಿನಲ್ಲಿ ಮುಳುಗಿತ್ತೇ, ವಾರಂಟಿ ಯಾವುದಕ್ಕೆ ಇದೆ, ಯಾವುದಕ್ಕೆ ಇಲ್ಲ. ಇಷ್ಟನ್ನು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರೆದು ಡೀಲರ್ ಸಹಿ ಹಾಕಿ ಕೊಡಲಿ. ನೀರಿನ ಮಾತು ಸುಮ್ನೆ ಸೇರಿಸಿದ್ದಲ್ಲ. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು, ಯಮಲೂರು ಕಡೆ ಎಷ್ಟು ಕಾರುಗಳು ಮುಳುಗಿ ನಿಂತಿದ್ದವು ಎಂಬುದನ್ನು ನಿಮ್ಮ ಪತ್ರಿಕೆಯ ಓದುಗರೆಲ್ಲ ನೋಡಿದ್ದಾರೆ. ಅವುಗಳಲ್ಲಿ ತೊಳೆದು ಒರೆಸಿ ಮಾರಿದ ಒಂದು ಗಾಡಿ ಯಾರ ಪಾಲಿಗೆ ಬಂದರೂ ಕಷ್ಟವೇ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆದು ನೋಡಿ, ಕೆಸರಿನ ಕಲೆ ಕಾಣಬಹುದು ಎಂದು ನಮ್ಮ ಮೆಕ್ಯಾನಿಕ್ ಹೇಳಿಕೊಟ್ಟರು.

ಪತ್ರಿಕೆಯವರಲ್ಲೂ ಒಂದು ಕೋರಿಕೆ. ‘ಒಂದು ವರ್ಷ ವಾರಂಟಿ’ ಎಂಬ ಜಾಹೀರಾತು ಬಂದಾಗ, ಯಾವ ಭಾಗಕ್ಕೆ ಎಂಬ ಒಂದು ಸಾಲನ್ನೂ ಸೇರಿಸಿಕೊಡಿ ಎಂದು ಅವರನ್ನು ಕೇಳಿ. ತಮ್ಮನ ಕಾರು ಇನ್ನೂ ಶೆಡ್‌ನಲ್ಲೇ ನಿಂತಿದೆ. ಪ್ರತಿ ತಿಂಗಳು 5ನೇ ತಾರೀಕು ಅದರ ಕಂತು ಕಟ್ಟುತ್ತಿದ್ದಾನೆ, ಮದುವೆಗಳಿಗೆ ಮತ್ತೆ ಬೈಕಿನಲ್ಲೇ ಹೋಗುತ್ತಿದ್ದಾನೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು, ಶಿಕ್ಷಕಿ
ತುಮಕೂರು