ಕೊನೆ ಕೊಯ್ಲು ಮುಗಿದ ಮೇಲೆ

ಈ ಸಲದ ಅಡಿಕೆ ಕೊಯ್ಲು ಮುಗಿಯಿತು. ಸಾಗರ ಸೀಮೆಯ ತೋಟಗಳಲ್ಲಿ ನನ್ನನ್ನು ಮತ್ತೆ ಮರ ಹತ್ತಲು ಕರೆದವರಿದ್ದಾರೆ, ಕರೆಯಲು ಹೆದರಿದವರೂ ಇದ್ದಾರೆ. ಯಾರ ಮೇಲೂ ಬೇಸರವಿಲ್ಲ. ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗೌಡ ನಾನು. ಕೈ ನಡುಗುವ ಕೊನೆಗೌಡನನ್ನು 50–60 ಅಡಿಯ ಮರಕ್ಕೆ ಹತ್ತಿಸಿ ಯಾರು ತಾನೇ ಕೆಳಗೆ ನೆಮ್ಮದಿಯಿಂದ ನಿಲ್ಲುತ್ತಾರೆ? ನಾನು ಹೇಗಿದ್ದೆ ಎಂಬುದು ಊರಿಗೇ ಗೊತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ. ಧನ್ಯವಾದ ಹೇಳುವುದು ಬಾಕಿ ಇದೆ, ಅದಕ್ಕಾಗಿ ಈ ಬರಹ.

1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಆರಂಭವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ನಮ್ಮ ಮನೆಗೆ ಬಂದದ್ದು ಹೆಂಡತಿಯ ಸ್ವಸಹಾಯ ಸಂಘದ ಮೂಲಕ. ಸಂಘದ ಸಭೆಯಲ್ಲೇ ಆಕೆ ಮದ್ಯವರ್ಜನ ಶಿಬಿರಕ್ಕೆ ನನ್ನ ಹೆಸರು ಬರೆಸಿ ಬಂದಳು. ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆ ಎಂಬುದು ಅವಳಿಗೆ ಗೊತ್ತಿತ್ತು. ಸಂಘದ ಅಕ್ಕಂದಿರಿಗೆ, ಸೇವಾಪ್ರತಿನಿಧಿಗೆ, ಜನಜಾಗೃತಿ ವೇದಿಕೆಯವರಿಗೆ, ಶಿಬಿರಾಧಿಕಾರಿಗೆ, ಆರೋಗ್ಯ ಸಹಾಯಕಿಗೆ, ವೈದ್ಯರಿಗೆ, ಸಮುದಾಯ ಭವನದಲ್ಲಿ ಎಂಟು ದಿನವೂ ನಮಗೆ ಬಿಸಿಬಿಸಿಯಾಗಿ ಬಡಿಸಿದ ಊರಿನವರಿಗೆ ನಮಸ್ಕಾರ. ಹೆಂಡತಿಗೆ ಹೇಳಬೇಕಾದದ್ದು ಎಲ್ಲರೆದುರು ಹೇಳುವಂಥದ್ದಲ್ಲ.

ಉಳಿದ ಜಾಗವೆಲ್ಲ ಡ್ರೈವರ್ ಅಣ್ಣನಿಗೆ. ಹೆಸರು ಹಾಕಬೇಡ ಎಂದು ಅವರೇ ತಾಕೀತು ಮಾಡಿದ್ದಾರೆ. ಕುಂದಾಪುರದ ಮಾರ್ಗದಲ್ಲಿ ಬಸ್ ಓಡಿಸಿ ನಿವೃತ್ತರಾದವರು. ಇಂಥದ್ದೇ ಒಂದು ಶಿಬಿರದಲ್ಲಿ ಕುಡಿತ ಬಿಟ್ಟು, ಹಾಗೆ ಬಿಟ್ಟವರೇ ಸೇರುವ ನವಜೀವನ ಸಮಿತಿಯ ಸದಸ್ಯರಾದವರು. ಈಗ ಆಸುಪಾಸಿನಲ್ಲಿ ಎಲ್ಲಿ ಶಿಬಿರ ನಡೆದರೂ ರಾತ್ರಿ ಕಾವಲಿಗೆ ಹಾಜರಾಗುತ್ತಾರೆ.

ಶಿಬಿರದಲ್ಲಿ ಹಗಲು ಹೇಗೋ ಕಳೆಯುತ್ತದೆ. ಯೋಗ, ಭಜನೆ, ಉಪನ್ಯಾಸ, ಗುಂಪಿನಲ್ಲಿ ಕುಳಿತು ಮಾತು. ಕೈಗೆ ತಾಳ ಕೊಟ್ಟು ಕೂರಿಸಿದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಮೂರನೆಯ ರಾತ್ರಿ ಮಾತ್ರ ಯಾವ ಭಜನೆಯೂ ಕೆಲಸಕ್ಕೆ ಬರಲಿಲ್ಲ. ಆರೋಗ್ಯ ಸಹಾಯಕಿ ಔಷಧ ಕೊಟ್ಟು ಹೋಗಿದ್ದರು. ಆದರೂ ಗೋಡೆಯ ಮೇಲೆ ಇಲ್ಲದ ಇರುವೆಗಳು ಹರಿದಾಡುತ್ತಿದ್ದವು. ಗೇಟು ಹಾರಿ ಹೋಗುತ್ತೇನೆ ಎಂದು ಎದ್ದೆ. ಡ್ರೈವರ್ ಅಣ್ಣ ಅಡ್ಡ ನಿಲ್ಲಲಿಲ್ಲ, ದೇವರ ಹೆಸರು ಹೇಳಿ ಹೆದರಿಸಲೂ ಇಲ್ಲ. ಚಾಪೆಯ ಮೇಲೆ ಕುಳಿತು, “ಹೋಗೋಣ. ಬಸ್ಸಿನಲ್ಲೇ ಹೋಗೋಣ. ನೀನು ಕಂಡಕ್ಟರ್, ಊರಿನ ಹೆಸರು ಕೂಗಬೇಕು” ಎಂದರು.

ಸಾಗರ ಬಿಟ್ಟೆವು. ಬಟ್ಟೆಮಲ್ಲಪ್ಪ, ಹೊಸನಗರ, ನಗರ, ಮಾಸ್ತಿಕಟ್ಟೆ. ಅವರು ತಿರುವು ಹೇಳುತ್ತಿದ್ದರು, ನಾನು ಊರು ಕೂಗುತ್ತಿದ್ದೆ. ಒಂದು ಊರು ತಪ್ಪಿದರೆ ಬಸ್ಸು ಮತ್ತೆ ಸಾಗರಕ್ಕೆ. ಯಾರು ಹತ್ತಿದರು, ಯಾರ ಬುಟ್ಟಿಯಲ್ಲಿ ಕೋಳಿ ಇದೆ, ಯಾರಿಗೆ ಚಿಲ್ಲರೆ ಬಾಕಿ, ಎಲ್ಲದರ ಲೆಕ್ಕ ಕೇಳುತ್ತಿದ್ದರು. ಹುಲಿಕಲ್ ಘಾಟಿ ಬಂದಾಗ ಬಸ್ಸು ನಿಲ್ಲಿಸಿದರು. ಆ ದಾರಿಯಲ್ಲಿ ಓಡಾಡಿದವರಿಗೆ ಗೊತ್ತು, ಚಾಲಕರು ಚಂಡಿಕಾಂಬೆಗೆ ಕೈಮುಗಿದು ಘಾಟಿ ಇಳಿಯುತ್ತಾರೆ. “ಕೈ ಮುಗಿ” ಎಂದರು. ನನ್ನ ಎರಡು ಕೈ ಒಂದಕ್ಕೊಂದು ಸಿಗಲಿಲ್ಲ, ಅಷ್ಟು ನಡುಕ. ತಮ್ಮ ಅಂಗೈಗಳ ನಡುವೆ ಅವರೇ ಸೇರಿಸಿ ಹಿಡಿದರು. ಆಗ ಅತ್ತೆ. ಇಲ್ಲೇ ಸತ್ತುಹೋಗುತ್ತೇನೆ, ಬಿಟ್ಟುಬಿಡಿ ಎಂದು ಕೂಗಿದೆ. “ಘಾಟಿಯಲ್ಲಿ ಬೇಡ, ಮುಂದೆ ತಿರುವಿದೆ” ಎಂದರು.

ಹೊಸಂಗಡಿ, ಸಿದ್ದಾಪುರ ದಾಟಿ ಕುಂದಾಪುರ ಮುಟ್ಟಿ, ಮತ್ತೆ ಘಾಟಿ ಹತ್ತಿ ವಾಪಸು ಬಂದೆವು. ಬೆಳಗಾಗುವವರೆಗೂ ಇದೇ.

ಭಕ್ತಿ ಹೆಚ್ಚಿತೇ ಎಂದು ಕೆಲವರು ಕೇಳುತ್ತಾರೆ. ಮಂಜುನಾಥ ಸ್ವಾಮಿಗೆ ಹರಕೆ ಹೊತ್ತವಳು ಹೆಂಡತಿ, ತೀರಿಸಲು ಜೊತೆಗೆ ಹೋದವನು ನಾನು. ದೇವರ ಮೇಲೆ ಆಣೆ ಮಾಡಿದ್ದೇನೆ, ಇನ್ನು ಮುಟ್ಟುವುದಿಲ್ಲ ಎನ್ನುವ ಶಿಬಿರದ ಗೆಳೆಯರಿದ್ದಾರೆ. ಆ ಭಯವೇ ಅವರನ್ನು ಕಾಯುತ್ತಿದೆ, ಕಾಯಲಿ. ನನಗೆ ಆ ಭಯ ಅಷ್ಟಾಗಿ ಹಿಡಿಸಲಿಲ್ಲ. ಮರುದಿನ ತಿಂಡಿಗೆ ಕರೆಯಲು ಬಂದ ಡ್ರೈವರ್ ಅಣ್ಣನ ಕಣ್ಣು ಕೆಂಪಾಗಿತ್ತು. ಆ ಮನುಷ್ಯನಿಗೆ ಸುಳ್ಳು ಹೇಳಲು ಬಾಯಿ ಬರುವುದಿಲ್ಲ, ಅಷ್ಟೇ. ಇದನ್ನೂ ಭಕ್ತಿ ಎನ್ನುವವರು ಎನ್ನಲಿ.

ಇಲ್ಲೇ ಒಂದು ಮಾತು. ಶಿಬಿರವೂ ಬೇಡ, ಆಸ್ಪತ್ರೆಯೂ ಬೇಡ, ಮನೆಯಲ್ಲೇ ಒಮ್ಮೆಲೇ ಬಿಡುತ್ತೇನೆ ಎಂದು ಹಟ ಹಿಡಿಯುವವರು ಮೊದಲು ವೈದ್ಯರನ್ನು ಕಾಣಲಿ. ವರ್ಷಗಟ್ಟಲೆ ಕುಡಿದ ದೇಹ ಬಿಟ್ಟ ಎರಡು ಮೂರು ದಿನದಲ್ಲೇ ತಿರುಗಿಬೀಳುತ್ತದೆ, ಫಿಟ್ಸ್ ಬಂದು ಜೀವವೇ ಹೋಗಬಹುದು.

ಶಿಬಿರಕ್ಕಿಂತ ಮಳೆಗಾಲ ಕಷ್ಟವಾಯಿತು. ಕೊಳೆರೋಗಕ್ಕೆ ಮದ್ದು ಹೊಡೆಯುವಾಗ ಮೈಲುತುತ್ತು, ಸುಣ್ಣದ ನೀರು ಮೈಮೇಲೆಲ್ಲ ಇಳಿಯುತ್ತದೆ. ಮರದಿಂದ ಇಳಿದರೆ ಹಲ್ಲು ಕಟಕಟ ಎನ್ನುತ್ತದೆ. ಆ ಚಳಿಗೆಂದು ಕೂಲಿಯ ಜೊತೆ ಬಾಟಲಿಯನ್ನೂ ಇಡುವ ತೋಟದವರಿದ್ದಾರೆ, ಪ್ರೀತಿಯಿಂದಲೇ ಇಡುತ್ತಾರೆ. ಅಂಥ ಸಂಜೆ ಡ್ರೈವರ್ ಅಣ್ಣನಿಗೆ ಫೋನು ಮಾಡುತ್ತಿದ್ದೆ. “ಎಲ್ಲಿದ್ದೀಯ?” ಎನ್ನುತ್ತಾರೆ. “ಹೊಸನಗರ” ಎಂದರೆ ಮಳೆ, ಅಡಿಕೆ ಧಾರಣೆ ಮಾತನಾಡಿ ಫೋನು ಇಡುತ್ತಾರೆ. “ಮಾಸ್ತಿಕಟ್ಟೆ” ಎಂದರೆ ಘಾಟಿ ಹತ್ತಿರ ಬಂತೆಂದು ಅರ್ಥ. ಸ್ಕೂಟರ್ ಹತ್ತಿ ಬಂದೇಬಿಡುತ್ತಾರೆ. ನವಜೀವನ ಸಮಿತಿಯ ಸಭೆಯಲ್ಲಿ ನಾವಿಬ್ಬರು ಈ ಊರುಗಳ ಹೆಸರು ಹೇಳಿಕೊಂಡು ನಗುವುದನ್ನು ಕಂಡು ಉಳಿದವರಿಗೆ ಅನುಮಾನ.

ಮುಂದಿನ ಶಿಬಿರದಲ್ಲಿ ರಾತ್ರಿ ಕೂರಲು ನನ್ನ ಹೆಸರನ್ನೂ ಕೊಟ್ಟಿದ್ದೇನೆ. ನನಗೆ ಬಸ್ ಓಡಿಸಲು ಬರುವುದಿಲ್ಲ, ಅವರನ್ನು ಅಡಿಕೆ ಮರ ಹತ್ತಿಸುತ್ತೇನೆ.

ತೋಟದವರಲ್ಲಿ ವಿನಂತಿ: ಮುಂಗಾರಿಗೆ ಮುಂಚಿನ ಮದ್ದಿಗೆ ನನ್ನನ್ನು ಕರೆಯಿರಿ. ಬಾಟಲಿ ಬೇಡ, ಕಾಫಿ ಸಾಕು. ಸಕ್ಕರೆ ಮಾತ್ರ ಎರಡು ಚಮಚ ಹೆಚ್ಚೇ ಇರಲಿ, ಕುಡಿತ ಬಿಟ್ಟ ಮೇಲೆ ಸಿಹಿಯ ಚಪಲ ವಿಪರೀತವಾಗಿದೆ.